ತೆಂಕು ನೋಡಿದ ಕೊಡೆ

ಧರ್ಣಪ್ಪನನ್ನು ನಾನು ಮೊದಲು ಕಂಡದ್ದು ಜಗಳದಲ್ಲಿ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುವುದೆಂದು ಮಡಂತ್ಯಾರಿನ ಆಚೀಚೆ ನಾಲ್ಕು ಊರಿಗೆ ಗೊತ್ತು. ಹದಿನಾಲ್ಕು ವರ್ಷ ಒಂದೇ ಶಾಲೆಯಲ್ಲಿ ಐದನೇ ಕ್ಲಾಸಿಗೆ ಗಣಿತ ಕಲಿಸಿದವಳಿಗೆ ಕೋಪ ಬಾರದೆ ಇರುವುದುಂಟೇ? ಎಂಬತ್ತೇಳನೇ ಇಸವಿಯ ಅಕ್ಟೋಬರ್ ತಿಂಗಳು, ಮಕ್ಕಳನ್ನು ಊಟಕ್ಕೆ ಬಿಟ್ಟ ಹೊತ್ತು. ಅಂಗಿಯ ಜೇಬಿನಲ್ಲಿ ಟೆಸ್ಟರು ಸಿಕ್ಕಿಸಿಕೊಂಡ ಒಬ್ಬ ಗಿಡ್ಡ ಮನುಷ್ಯ ಕ್ಲಾಸಿನ ಬಾಗಿಲಲ್ಲಿ ನಿಂತು, ಗೋಡೆಗೆ ತೂಗುಹಾಕಿದ್ದ ಮರದ ದೊಡ್ಡ ಕೋನಮಾಪಕವನ್ನೇ ನೋಡುತ್ತಿದ್ದ.

"ಟೀಚರೇ, ಅದೊಂದು ಎರಡು ದಿವಸಕ್ಕೆ ಸಿಗಬಹುದಾ?"

"ಯಾಕೆ? ನೀವು ಐದನೇ ಕ್ಲಾಸಿಗೆ ಸೇರಿದ್ದೀರಾ?"

"ಇಲ್ಲ ಟೀಚರೇ. ಉಪಗ್ರಹ ಹಿಡೀಲಿಕ್ಕೆ ಉಂಟು."

ನನ್ನನ್ನು ತಮಾಷೆ ಮಾಡುತ್ತಿದ್ದಾನೆಂದು ಪಿತ್ತ ನೆತ್ತಿಗೇರಿತು. ಇದು ಸರಕಾರದ ಸೊತ್ತು, ಕಂಡಕಂಡವರಿಗೆ ಕೊಡಲು ನನ್ನ ಅಪ್ಪನ ಮನೆಯದ್ದಲ್ಲ ಎಂದು ಬಾಯಿಗೆ ಬಂದಂತೆ ಅಂದೆ. ಅವನು ಒಂದಿಷ್ಟೂ ಬೇಜಾರು ಮಾಡಿಕೊಳ್ಳಲಿಲ್ಲ. "ಉಪಗ್ರಹ ಸಹ ಸರಕಾರದ್ದೇ ಅಲ್ವಾ ಟೀಚರೇ? ಸರಕಾರದ್ದಕ್ಕೆ ಸರಕಾರದ್ದನ್ನೇ ಹಿಡಿದು ನೋಡುವುದು. ನನ್ನದು ನಡುವಿನ ಕೆಲಸ ಮಾತ್ರ. ಮತ್ತೆ, ಇದು ನಿಮ್ಮದೇ ಮನೆಗೆ. ನಿಮ್ಮ ಮಾವ ಹೇಳಿ ಕಳಿಸಿದ್ದು" ಎಂದ. ಗೋಡೆಯಿಂದ ನಾನೇ ಇಳಿಸಿಕೊಟ್ಟೆ. ಕೋನಮಾಪಕ ಅವನ ಕಂಕುಳಿಗೆ ಹೋಯಿತು.

ಮಾವ ಎಂದರೆ ನನ್ನ ಸೋದರಮಾವ ಶೀನಪ್ಪ. ನಮ್ಮಲ್ಲಿ ಮನೆ ಹೆಣ್ಣಿನದು, ಯಜಮಾನಿಕೆ ಸೋದರಮಾವನದು. ನನ್ನ ಗಂಡ ಬೊಂಬಾಯಿಯ ಹೋಟೆಲೊಂದರಲ್ಲಿ ಮ್ಯಾನೇಜರು, ವರ್ಷಕ್ಕೆ ಒಮ್ಮೆ ಬಂದರೆ ಬಂದರು. ಮನೆಯಲ್ಲಿ ಮಾವ, ನಾನು, ನನ್ನ ಮಗಳು ಕಾಂತಿ. ಮಾವನಿಗೆ ಅರುವತ್ತೆಂಟಾದರೂ ಕ್ರಿಕೆಟ್ಟಿನ ಹುಚ್ಚು ಇಳಿದಿರಲಿಲ್ಲ. ಆ ವರ್ಷ ವಿಶ್ವಕಪ್ಪು ನಮ್ಮ ದೇಶದಲ್ಲೇ ಆಗುವುದೆಂದು ತಿಳಿದ ದಿನವೇ ಮಂಗಳೂರಿನಿಂದ ಟಿ.ವಿ. ತಂದು ಚಾವಡಿಯಲ್ಲಿ ಇಟ್ಟು ಹೂವಿನ ಮಾಲೆಯನ್ನೂ ಹಾಕಿಸಿದರು. ಬಂದದ್ದು ಮಾತ್ರ ಬರೀ ಇರುವೆ, ಪರದೆಯ ತುಂಬ ಕಪ್ಪು ಬಿಳುಪು ಇರುವೆ. ನಮ್ಮ ಮನೆ ಇರುವುದು ಮೂರು ಗುಡ್ಡೆಗಳ ನಡುವಿನ ತಗ್ಗಿನಲ್ಲಿ. ಮಂಗಳೂರಿನ ಟಿ.ವಿ. ಗೋಪುರದಿಂದ ಹೊರಟ ಅಲೆ ಗುಡ್ಡೆಗೆ ಹೊಡೆದು ಅಲ್ಲೇ ನಿಲ್ಲುತ್ತಿತ್ತು. ಮಾವ ಅಡಿಕೆ ಮರದ ತುದಿಗೆ ಏರಿಯಲ್ ಕಟ್ಟಿಸಿದರು, ಉಪಯೋಗವಾಗಲಿಲ್ಲ. ಆಗ ಯಾರೋ ಹೇಳಿದರಂತೆ, ಮಡಂತ್ಯಾರು ಪೇಟೆಯಲ್ಲಿ ರೇಡಿಯೋ ರಿಪೇರಿಯ ಧರ್ಣಪ್ಪ ಇದ್ದಾನೆ, ಅವನು ನೇರ ಆಕಾಶದಿಂದಲೇ ಟಿ.ವಿ. ಇಳಿಸುತ್ತಾನೆ ಎಂದು.

ಅವನು ಪಾಣೆಮಂಗಳೂರಿನವನು. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಕೂಲಿ. ಎಪ್ಪತ್ತನಾಲ್ಕರ ನೆರೆಗೆ ನೇತ್ರಾವತಿ ಬಂಟ್ವಾಳ ಪೇಟೆಯೊಳಗೇ ನುಗ್ಗಿದಾಗ ಅವನಿಗೆ ಹತ್ತೊಂಬತ್ತು, ಎಸ್ಸೆಸ್ಸೆಲ್ಸಿ ಎರಡು ಸಲ ಫೇಲಾಗಿ ಮನೆಯಲ್ಲಿ ಕುಳಿತಿದ್ದ. ನೀರು ಇಳಿದ ಮೇಲೆ ಜನ ಕೆಸರು ತುಂಬಿದ ರೇಡಿಯೋಗಳನ್ನು ಕಸದ ರಾಶಿಗೆ ಎಸೆಯುತ್ತಿದ್ದರು. ಇವನು ಹದಿನೇಳು ರೇಡಿಯೋ ಹೆಕ್ಕಿ ತಂದು, ತೊಳೆದು, ಹಂಚಿನ ಭಟ್ಟಿಯ ಬೆಚ್ಚಗಿನ ನೆತ್ತಿಯ ಮೇಲೆ ಸಾಲಾಗಿ ಒಣಗಲು ಇಟ್ಟ. ಅಪ್ಪ ಮಂಡೆಗೆ ಕುಟ್ಟಿದನಂತೆ. ಒಂದು ವಾರ ಬಿಟ್ಟು ಒಂದೊಂದನ್ನೇ ಬಿಚ್ಚಿ, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಒಂಬತ್ತನ್ನು ಮಾತಾಡಿಸಿದ. ಅದರಲ್ಲಿ ಒಂದು ಪೇಟೆಯ ನಫೀಸಮ್ಮನದು, ತೀರಿಹೋದ ಗಂಡ ತಂದುಕೊಟ್ಟದ್ದಂತೆ. ಇವನು ಅದನ್ನು ಅವಳ ಮನೆಗೇ ಒಯ್ದು ಕೊಟ್ಟಾಗ, ರೇಡಿಯೋ ಮಾತಾಡಿದ್ದನ್ನು ಕೇಳಿ ಆ ಹೆಂಗಸು ಜಗಲಿಯಲ್ಲೇ ಕುಳಿತು ಅತ್ತಳಂತೆ. ಮತ್ತೆ ಪ್ರತಿ ವರ್ಷ ಪೆರ್ನಾಲ್ ಹಬ್ಬಕ್ಕೆ ಇವನ ಮನೆಗೆ ತುಪ್ಪದ ಅನ್ನ ಬರುತ್ತಿತ್ತು. ಹೀಗೆ ಅವನು ರೇಡಿಯೋ ಧರ್ಣಪ್ಪನಾದದ್ದು.

ಈ ಉಪಗ್ರಹದ ಮರುಳು ಹಿಡಿದದ್ದು ಎಂಬತ್ತನಾಲ್ಕರ ಹೊತ್ತಿಗೆ. ದೇಶಕ್ಕೆಲ್ಲ ಟಿ.ವಿ. ಕಳಿಸುವ ಉಪಗ್ರಹವನ್ನು ಹಾಸನದಿಂದ ನಡೆಸುತ್ತಾರೆಂದು ಪೇಪರಿನಲ್ಲಿ ಓದಿದ. ಹಾಸನವೆಂದರೆ ಎಷ್ಟು ದೂರ, ಘಾಟಿ ಹತ್ತಿದರೆ ಸಿಗುವ ಊರು! ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದ. ಒಳಗೆ ಬಿಡಲಿಲ್ಲ. ಬೇಲಿಯ ಹೊರಗೆ ರಸ್ತೆಯಂಚಿನಲ್ಲಿ ಅರ್ಧ ದಿನ ನಿಂತು, ಒಳಗಿದ್ದ ದೊಡ್ಡ ದೊಡ್ಡ ಆಂಟೆನಾಗಳನ್ನು, ಅವನ ಬಾಯಲ್ಲಿ ಕೊಡೆಗಳನ್ನು, ನೋಡಿದ. ಕಾವಲಿನವನು ಬಂದು, "ಏನಯ್ಯಾ, ಬೆಳಿಗ್ಗೆಯಿಂದ ಏನ್ ನೋಡ್ತಿದೀಯಾ?" ಎಂದು ಗದರಿಸಿದ್ದಕ್ಕೆ, "ಅವು ಎಲ್ಲಿಗೆ ನೋಡ್ತವೆ ಅಂತ ನೋಡ್ತಾ ಇದ್ದೇನೆ" ಎಂದನಂತೆ. ಕಾವಲಿನವನಿಗೆ ನಗು ಬಂದು, ಚಹಾ ಕುಡಿಸಿ ಬಸ್ಸು ಹತ್ತಿಸಿದ. ಅಷ್ಟರಲ್ಲಿ ಇವನಿಗೆ ಬೇಕಾದದ್ದು ಸಿಕ್ಕಿತ್ತು. ಕೊಡೆಗಳ ಮುಖ ಹೆಚ್ಚುಕಡಿಮೆ ಆಕಾಶಕ್ಕೆ, ವಾಲಿದ್ದು ತೆಂಕು ದಿಕ್ಕಿಗೆ. ಬಾಕಿಯದ್ದನ್ನು ಪುಸ್ತಕ ಓದಿ, ಬೆಂಗಳೂರಿನಿಂದ ಕನ್ವರ್ಟರ್ ಎಂಬ ಡಬ್ಬ ತರಿಸಿ, ತಾನೇ ಮಾಡಿ, ಕೆಡಿಸಿ, ಪುನಃ ಮಾಡಿ ಕಲಿತ.

ನಮ್ಮ ಮನೆಯ ಕೊಡೆಗೆ ಕಬ್ಬಿಣದ ಸರಳು, ಕೋಳಿಗೂಡಿಗೆ ಹಾಕುವ ಬಲೆ ಎಲ್ಲ ತಂದದ್ದು ಪಾಣೆಮಂಗಳೂರಿನ ನಿಝಾಮುದ್ದೀನನ ಅಂಗಡಿಯಿಂದ. ಅಷ್ಟು ಬಲೆ ಅಳೆದು ಕೊಡುತ್ತಾ ನಿಝಾಮುದ್ದೀನ್, "ಎಷ್ಟು ಕೋಳಿ ಸಾಕ್ತೀ ಮಾರಾಯ?" ಎಂದು ಕೇಳಿದನಂತೆ. "ಒಂದೇ ಒಂದು. ಮೇಲೆ ಕೂತಿದೆ, ಇಳಿಯುವುದೇ ಇಲ್ಲ" ಎಂದು ಇವನು. ದನದ ಹಟ್ಟಿಯ ಹಿಂದೆ, ತೋಡಿನ ಬದಿಯಲ್ಲಿ, ಹನ್ನೆರಡು ಅಡಿ ಅಗಲದ ಅಂಗಾತ ಮಲಗಿದ ಕೊಡೆ ಮೂರು ದಿನದಲ್ಲಿ ಎದ್ದಿತು. ನಡುವಿನಿಂದ ಒಂದು ಕೋಲು, ಕೋಲಿನ ತುದಿಯಲ್ಲಿ ಕೊಡೆಯನ್ನೇ ನೋಡುವ ಹಾಗೆ ಕಟ್ಟಿದ ಒಂದು ಡಬ್ಬ. ಅಂಗಳದಲ್ಲಿ ಕೋಲು ನೆಟ್ಟು, ನಡು ಮಧ್ಯಾಹ್ನದ ನೆರಳಿಗೆ ಗೆರೆ ಎಳೆದು ದಿಕ್ಕು ಕಂಡುಹಿಡಿದ. ನನ್ನ ಕೋನಮಾಪಕಕ್ಕೆ ತೂಗುಗುಂಡು ಕಟ್ಟಿ ಓರೆ ಅಳೆದ. "ಮಂಗಳೂರಿನ ಅಲೆಗೆ ಗುಡ್ಡೆ ಹತ್ತಿ ಇಳಿಯಲಿಕ್ಕೆ ಗೊತ್ತಿಲ್ಲ ಟೀಚರೇ. ಇದು ಮಳೆಯ ಹಾಗೆ, ಮೇಲಿಂದಲೇ ಬೀಳುವುದು. ನೀವು ಬಾವಿಯ ಒಳಗೆ ಇದ್ದರೂ ಸಿಗ್ತದೆ" ಎಂದು ನನಗೆ ವಿವರಿಸಿದ. ನಾನು ಹೂಂ ಎಂದೆ. ನನ್ನ ತಲೆಯಲ್ಲಿ ಆಗ ಇದ್ದದ್ದು ಬೇರೆ.

ಕಾಂತಿಯ ವಿಷಯ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಅವಳಿಗೆ ಕಿವಿ ಕೇಳುವುದಿಲ್ಲ, ಹುಟ್ಟಿದಂದಿನಿಂದಲೇ. ಐದು ವರ್ಷವಾದಾಗ ಪಟ್ಟಣದ ಡಾಕ್ಟರೊಬ್ಬರು ನನ್ನನ್ನು ಕೂರಿಸಿ ಹೇಳಿದರು: ಕೈಸನ್ನೆ ಮಾಡಲು ಬಿಡಬೇಡಿ, ಕೈಯಲ್ಲಿ ಕೆಲಸ ಸಾಗಿದರೆ ಬಾಯಿ ತೆರೆಯುವುದೇ ಇಲ್ಲ. ನಾನು ಅದನ್ನು ವೇದವಾಕ್ಯ ಮಾಡಿಕೊಂಡೆ. ದಿನಾ ಸಂಜೆ ಕನ್ನಡಿಯ ಎದುರು ಕೂರಿಸಿ, ಅವಳ ಬೆರಳನ್ನು ನನ್ನ ಗಂಟಲ ಮೇಲೆ ಇಟ್ಟು, ಅ, ಆ ಎನ್ನುತ್ತಿದ್ದೆ. ಆರು ವರ್ಷ ಹೀಗೆ. ಬಂದದ್ದು ಅಮ್ಮ ಎಂಬ ಒಂದು ಶಬ್ದ, ಅದೂ ನನಗೆ ಮಾತ್ರ ಅರ್ಥವಾಗುವಂಥದ್ದು. ಅವಳು ಕೈ ಎತ್ತಿದಾಗೆಲ್ಲ ಹೊಡೆದೆ. ಕೈಯನ್ನು ತೊಡೆಯ ಅಡಿಗೆ ಹಾಕಿ ಕೂರಲು ಕಲಿಸಿದೆ. ಹೌದು, ಸ್ವಂತ ಮಗುವಿಗೆ. ನನ್ನ ಶಾಲೆಯ ಮಕ್ಕಳಿಗೆ ಬೆತ್ತ ತೋರಿಸುತ್ತಿದ್ದೆ ಅಷ್ಟೆ, ಹೊಡೆಯುತ್ತಿದ್ದದ್ದು ನನ್ನ ಮಗಳಿಗೆ.

ಹನ್ನೊಂದು ತುಂಬುವಾಗ ಅವಳು ಕೈ ಎತ್ತುವುದನ್ನೇ ಬಿಟ್ಟಿದ್ದಳು. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೊಟ್ಟದ್ದು ತಿನ್ನುವುದು, ಹೇಳಿದಲ್ಲಿ ಕೂರುವುದು. ಅವಳಿಗೆ ಏನು ಬೇಕು, ಎಲ್ಲಿ ನೋವು, ಏನು ಹೆದರಿಕೆ, ನನಗೆ ಒಂದೂ ಗೊತ್ತಿರಲಿಲ್ಲ. ಬಂದವರೆಲ್ಲ ಮಂಡೆ ಸರಿ ಇಲ್ಲದ ಹುಡುಗಿ ಎಂದೇ ತೀರ್ಮಾನ ಮಾಡಿದ್ದರು. ಇನ್ನೊಂದು ಎರಡು ವರ್ಷ ಹೀಗೆ ಹೋದರೆ ಮಗಳು ಪೂರ್ತಿ ನನ್ನ ಕೈತಪ್ಪಿ ಹೋಗುತ್ತಾಳೆಂದು ನನಗೆ ಒಳಗೊಳಗೇ ತಿಳಿದಿತ್ತು. ತಿಳಿದೂ ಏನು ಮಾಡುವುದೆಂದು ಗೊತ್ತಾಗದೆ, ಕನ್ನಡಿಯ ಎದುರು ಇನ್ನೂ ಅರ್ಧ ಗಂಟೆ ಹೆಚ್ಚು ಕೂರಿಸುತ್ತಿದ್ದೆ.

ಶನಿವಾರ ಶಾಲೆ ಅರ್ಧ ದಿನ. ನಾನು ಮನೆಗೆ ಬರುವಾಗ ಕೊಡೆಗೆ ಚಿತ್ರ ಹಿಡಿಸುವ ಕೆಲಸ ನಡೆಯುತ್ತಿತ್ತು. ಅದರ ಕತೆ ಮಾವ ಮತ್ತೆ ಹೇಳಿದ್ದು. ಟಿ.ವಿ. ಇರುವುದು ಚಾವಡಿಯಲ್ಲಿ, ಕೊಡೆ ಹಟ್ಟಿಯ ಹಿಂದೆ. ಧರ್ಣಪ್ಪ ಅಲ್ಲಿ ಕೊಡೆಯನ್ನು ಕೂದಲೆಳೆಯಷ್ಟು ತಿರುಗಿಸಬೇಕು, ಇಲ್ಲಿ ಮಾವ ಟಿ.ವಿ. ನೋಡಿ ಕೂಗಬೇಕು. ಮಳೆ ಬಿಟ್ಟ ಹೊಸತು, ತೋಡು ಭೋರ್ ಎಂದು ಹರಿಯುತ್ತಿತ್ತು. ಮಾವ "ಬಂತು, ಬಂತು!" ಎಂದದ್ದು ಅವನಿಗೆ ಮುಟ್ಟುವಾಗ ಚಿತ್ರ ಹೋಗಿ ಆಗಿರುತ್ತಿತ್ತು. "ಹೋಯ್ತು ಮಾರಾಯ!" ಎಂದದ್ದು ಮುಟ್ಟುವಾಗ ಪುನಃ ಬಂದಿರುತ್ತಿತ್ತು. ಎರಡು ಗಂಟೆ ಈ ಬಂತು-ಹೋಯ್ತು ಆಟ ಆಡಿ ಮಾವನ ಗಂಟಲು ಕಟ್ಟಿತು. ಅಷ್ಟು ಹೊತ್ತೂ ಕಾಂತಿ ಜಗಲಿಯ ಮೂಲೆಯಲ್ಲಿ ಕುಳಿತಿದ್ದಳು. ಆ ಮೂಲೆಯಿಂದ ಟಿ.ವಿ.ಯೂ ಕಾಣುತ್ತದೆ, ಕೊಡೆಯೂ ಕಾಣುತ್ತದೆ. ಧರ್ಣಪ್ಪ ಅದನ್ನು ಗಮನಿಸಿ, ಅವಳ ಎದುರು ಬಂದು ಕುಕ್ಕರಗಾಲಲ್ಲಿ ಕುಳಿತು, ಕೈಯಲ್ಲೇ ಹೇಳಿಕೊಟ್ಟ: ಇರುವೆ ಬಂದರೆ ಹೀಗೆ ಬೆರಳು ಆಡಿಸು, ಮುಖ ಕಂಡರೆ ಹೀಗೆ ಮುಖದ ಎದುರು ಅಂಗೈ ಹಿಡಿ, ಸಾಕು ಎಂದರೆ ಮುಷ್ಟಿ.

ಗೇಟಿನಿಂದ ನನಗೆ ಕಂಡದ್ದು ಜಗಲಿಯಲ್ಲಿ ನಿಂತು ಎರಡೂ ಕೈ ಗಾಳಿಯಲ್ಲಿ ಆಡಿಸುವ ನನ್ನ ಮಗಳು. ಆರು ವರ್ಷದ ನನ್ನ ಕಷ್ಟವೆಲ್ಲ ಹೊಳೆಗೆ ಹೋಯಿತೆಂದು ಅನಿಸಿತು. ಚೀಲ ಬಿಸಾಡಿ ಓಡಿಹೋಗಿ ಅವಳ ಬಲಗೈಯ ಮೇಲೆ ಫಟ್ಟನೆ ಹೊಡೆದೆ. ಅವಳು ತಕ್ಷಣ ಕುಳಿತು ಎರಡೂ ಕೈಯನ್ನು ತೊಡೆಯ ಅಡಿಗೆ ಹಾಕಿಕೊಂಡಳು. ಒಳಗೆ ಟಿ.ವಿ.ಯಲ್ಲಿ ಚಿತ್ರ ಬಂದಿತ್ತು, ಯಾರೋ ಹಿಂದಿಯಲ್ಲಿ ಮಾತಾಡುತ್ತಿದ್ದರು. ಮಾವ ಚಪ್ಪಾಳೆ ತಟ್ಟುತ್ತಿದ್ದರು.

ಧರ್ಣಪ್ಪ ಕೈಯ ಗ್ರೀಸು ಒರಸಿಕೊಳ್ಳುತ್ತಾ ಬಂದ. ಅಷ್ಟು ದಿನ ನಗುತ್ತಲೇ ಮಾತಾಡಿದವನ ಮುಖದಲ್ಲಿ ನಗುವಿರಲಿಲ್ಲ.

"ಟೀಚರೇ, ಹೊಡೆದದ್ದು ಯಾಕೆ?"

"ಅದು ನಮ್ಮ ಮನೆಯ ವಿಷಯ."

"ಇರಲಿ. ಆದರೆ ಧನಿಗಳು ಎರಡು ಗಂಟೆ ಬೊಬ್ಬೆ ಹಾಕಿ ಆಗದ ಕೆಲಸ ಈ ಹುಡುಗಿ ಕಾಲು ಗಂಟೆಯಲ್ಲಿ ಮಾಡಿ ಕೊಟ್ಟಳು. ಒಂದು ತಪ್ಪು ಹೇಳಲಿಲ್ಲ. ಇವಳ ಮಂಡೆ ಸರಿ ಇಲ್ಲ ಅಂತ ಯಾರು ಹೇಳಿದ್ದು ನಿಮಗೆ?"

"ನಿಮಗೆ ರೇಡಿಯೋ ಗೊತ್ತುಂಟು, ಮಕ್ಕಳು ಗೊತ್ತಿಲ್ಲ. ನಿಮ್ಮ ಕೆಲಸ ಮುಗಿಯಿತಲ್ಲ, ಹೊರಡಿ" ಎಂದೆ. ಅವನು ಸಾಮಾನು ಕಟ್ಟಿಕೊಂಡು, ಚಹಾವನ್ನೂ ಕುಡಿಯದೆ ಸೈಕಲ್ ಹತ್ತಿದ. ಆ ಮಾತು ಆಡಿದ ನಾಲಗೆಯ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಆ ಸಂಜೆ ನೆರೆಕರೆಯವರೆಲ್ಲ ಚಾವಡಿಯಲ್ಲಿ ತುಂಬಿ ಟಿ.ವಿ. ನೋಡಿದರು. ಎಲ್ಲರೂ ಹೋದ ಮೇಲೆ ಮಾವ ಹಟ್ಟಿಯ ಹಿಂದೆ ಹೋಗಿ ಕೊಡೆಯನ್ನು ಸುತ್ತು ಹಾಕಿ ನೋಡಿ, ಮುಖ ಸಣ್ಣ ಮಾಡಿಕೊಂಡು ಬಂದರು.

"ಮಗಾ, ಅದು ತೆಂಕಿಗೆ ನೋಡ್ತದಲ್ಲ!"

"ನೋಡಿದರೆ ಎಂತ?"

"ಎಂತ ಅಂತ ಕೇಳ್ತೀಯಾ? ತೆಂಕು ಯಮನ ದಿಕ್ಕು. ನಮ್ಮ ಮನೆಯಲ್ಲಿ ಒಲೆ ತೆಂಕಿಗೆ ಇಲ್ಲ, ಬಾಗಿಲು ತೆಂಕಿಗೆ ಇಲ್ಲ, ದೀಪದ ಬತ್ತಿ ಸಹ ತೆಂಕಿಗೆ ಇಡುವ ಕ್ರಮ ಇಲ್ಲ. ಇದು ಬಾಯಿ ತೆರೆದು ಅಲ್ಲಿಗೇ ನೋಡಿಕೊಂಡು ಕೂತಿದೆ. ಡೆಲ್ಲಿ ಇರುವುದು ಬಡಗಿಗೆ ಅಲ್ವಾ? ಡೆಲ್ಲಿಯಿಂದ ಬರುವುದಕ್ಕೆ ಡೆಲ್ಲಿ ಕಡೆಗೆ ತಿರುಗಿಸಿದರೆ ಆಯ್ತಪ್ಪ."

ನಾನು ಬೇಡವೆಂದು ಹೇಳಿದರೆ ಕೇಳುವ ಜನವೇ? ಭಾನುವಾರ ಬೆಳಿಗ್ಗೆ ಇಬ್ಬರು ಆಳುಗಳನ್ನು ಕರೆಸಿ, ಬೋಲ್ಟು ಸಡಿಲಿಸಿ, ಕೊಡೆಯನ್ನು ಬಡಗು ಮುಖ ಮಾಡಿ ವಾಲಿಸಿ, ಕರ್ಪೂರ ಹಚ್ಚಿ ಒಳಗೆ ಬಂದು ಟಿ.ವಿ. ಹಾಕಿದರು. ಇರುವೆ! ಅಂದು ಯಾವುದೋ ಎರಡು ಪರದೇಶಗಳ ಆಟ. ಒಂಬತ್ತು ಗಂಟೆಗೆ ಆಟ ಶುರು, ಮಾವನಿಗೆ ಕಾಣುವುದು ಇರುವೆ. ಹತ್ತು ಗಂಟೆಗೆ ಆಳು ಮಡಂತ್ಯಾರಿಗೆ ಓಡಿದ.

ನಾನು ಹಾಗೆ ಬೈದು ಕಳಿಸಿದವನು ಬರುತ್ತಾನೆಂದು ನನಗೆ ನಂಬಿಕೆ ಇರಲಿಲ್ಲ. ಬಂದ. ಕೊಡೆಯನ್ನು ಒಮ್ಮೆ ನೋಡಿ, ಕರ್ಪೂರದ ಬೂದಿಯನ್ನು ಒಮ್ಮೆ ನೋಡಿ, ವಿಷಯವನ್ನು ಅಲ್ಲೇ ಅರ್ಥಮಾಡಿಕೊಂಡ. ಉಪಗ್ರಹ ತೆಂಕು ಬಾನಿನಲ್ಲಿ ಭೂಮಿಯ ನಡುಗೆರೆಯ ಮೇಲೆ ನಿಂತಿದೆ, ಡೆಲ್ಲಿಯವರು ಸಹ ಅದಕ್ಕೆ ತೆಂಕು ಮುಖ ಮಾಡಿಯೇ ಕಳಿಸುತ್ತಾರೆ ಎಂದು ಹೇಳಿ ನೋಡಿದ. ಮಾವ ಜಗ್ಗಲಿಲ್ಲ. "ಡೆಲ್ಲಿಯವರು ಏನು ಬೇಕಾದರೂ ಮಾಡಲಿ, ನನ್ನ ಮನೆಯಲ್ಲಿ ಆಗುವುದಿಲ್ಲ."

ಧರ್ಣಪ್ಪ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ಮತ್ತೆ ಕೇಳಿದ: "ಧನಿಗಳೇ, ಮುಖ ಅಂದರೆ ಯಾವುದು? ಕಣ್ಣು ಇರುವುದು ಮುಖ ಅಲ್ವಾ?"

"ಹೌದು."

"ಇದರ ಕಣ್ಣು ಬಲೆಯಲ್ಲಿ ಇಲ್ಲ. ಬಲೆ ಅಂದರೆ ನಾವು ಅಂಗೈ ಒಡ್ಡಿದ ಹಾಗೆ, ಬಿದ್ದದ್ದನ್ನು ಹಿಡಿದು ಕೊಡುವುದು ಮಾತ್ರ. ನೋಡುವುದು ಕೋಲಿನ ತುದಿಯ ಡಬ್ಬ. ನಾನು ಕೊಡೆಯನ್ನು ತೆಂಕಿಗೆ ವಾಲಿಸಿದರೆ ಡಬ್ಬದ ಬಾಯಿ ಯಾವ ಕಡೆ ಆಗ್ತದೆ ನೋಡಿ. ಕೆಳಗೆ, ಬಡಗಿಗೆ! ಈಗ ನೀವು ಬಡಗಿಗೆ ತಿರುಗಿಸಿದ್ದೀರಿ ಅಲ್ವಾ, ಈಗ ನೋಡಿ, ಕಣ್ಣು ಸರೀ ತೆಂಕಿಗೆ ಉಂಟು."

ಮಾವ ಡಬ್ಬವನ್ನು ನೋಡಿದರು. ಬಗ್ಗಿ ನೋಡಿದರು, ಸುತ್ತು ಬಂದು ನೋಡಿದರು. ಮುಖ ಬಿಳುಚಿತು. "ಅಯ್ಯೋ ಮಾರಾಯ, ಇದನ್ನು ನಿನ್ನೆಯೇ ಹೇಳಬಾರದಿತ್ತಾ? ಬೇಗ ತಿರುಗಿಸು, ಬೇಗ!" ಆಳುಗಳು ಹೆಗಲ ಮೇಲಿನ ಬೈರಾಸನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ನನಗೂ ನಗು ತಡೆಯಲಾಗಲಿಲ್ಲ.

ತಿರುಗಿಸಿದ್ದಾಯಿತು. ಇನ್ನು ಕೂದಲೆಳೆಯ ಕೆಲಸ. ಧರ್ಣಪ್ಪ ಜಗಲಿಯ ಮೂಲೆಗೆ ನೋಡಿ ಕಾಂತಿಗೆ ಸನ್ನೆ ಮಾಡಿದ. ಅವಳು ಅಲುಗಾಡಲಿಲ್ಲ. ಎರಡೂ ಕೈ ತೊಡೆಯ ಅಡಿಯಲ್ಲಿ. ಮಾವ, "ಏಳು ಮಗಾ, ಏಳು, ನಿನ್ನೆಯ ಹಾಗೆ ಮಾಡು" ಎಂದು ಬೊಬ್ಬೆ ಹೊಡೆದರು, ಕೇಳುವವಳಿಗೆ ಹೇಳಿದ ಹಾಗೆ. ಧರ್ಣಪ್ಪ ಪುನಃ ಬಂದು ಎದುರು ಕುಳಿತು ಬೆರಳು ಆಡಿಸಿದ. ಅವಳು ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಎಷ್ಟೋ ತಿಂಗಳ ಮೇಲೆ ನನ್ನ ಮಗಳು ನನ್ನ ಮುಖವನ್ನು ನೇರ ನೋಡಿದ್ದು ಅದು. ಪುನಃ ಹೊಡೆಯುತ್ತೀಯಾ ಎಂದು ಕೇಳುತ್ತಿದ್ದಳು. ಅದನ್ನು ಓದಲು ನನಗೆ ಯಾವ ಡಾಕ್ಟರೂ ಬೇಕಾಗಲಿಲ್ಲ.

ನಾನು ದೊಡ್ಡ ಮನಸ್ಸು ಮಾಡಿದೆನೆಂದು ಯಾರೂ ತಿಳಿಯಬೇಡಿ. ಈ ಕ್ರಿಕೆಟ್ಟಿನ ರಗಳೆ ಇವತ್ತಿಗೊಮ್ಮೆ ಮುಗಿಯಲಿ, ನಾಳೆಯಿಂದ ಪುನಃ ಕನ್ನಡಿ ಎಂದುಕೊಂಡೇ ಹತ್ತಿರ ಹೋದೆ. ಬಗ್ಗಿ ಅವಳ ಕೈಗಳನ್ನು ತೊಡೆಯ ಅಡಿಯಿಂದ ನಾನೇ ಹೊರಗೆ ಎಳೆದೆ. ತಣ್ಣಗಿದ್ದವು. ಬಲಗೈಯ ಮೇಲೆ ನಿನ್ನೆಯ ನನ್ನ ಬೆರಳ ಗುರುತು ಇನ್ನೂ ಇತ್ತು. ಆ ಕೈಯನ್ನು ಮೇಲಕ್ಕೆ ಎತ್ತಿಕೊಟ್ಟೆ.

ಅವಳು ಎದ್ದು ನಿಂತಳು. ಇರುವೆ, ಇರುವೆ, ಇರುವೆ. ಸ್ವಲ್ಪ ಆಚೆ. ಸ್ವಲ್ಪ ಕೆಳಗೆ. ಮುಖ! ಹೋಯಿತು. ಪುನಃ ಮುಖ. ಮುಷ್ಟಿ. ಧರ್ಣಪ್ಪ ಅಲ್ಲಿಂದಲೇ ಅವಳಿಗೆ ಕೈ ಎತ್ತಿ ಮುಗಿದ.

ಆದರೆ ಅಷ್ಟು ಹೊತ್ತಿಗೆ ಮಧ್ಯಾಹ್ನವಾಗಿ, ಆಟಗಾರರು ಊಟಕ್ಕೆ ಹೋಗಿದ್ದರು. ಮಾವ ಹಣೆ ಚಚ್ಚಿಕೊಂಡರು. ಪರದೆಯ ಮೇಲೆ ಸೀರೆ ಉಟ್ಟ ಒಬ್ಬ ಹೆಂಗಸು ಬಂದು ಕುಳಿತಳು. ವಾರ್ತೆಯೆಂದು ಗೊತ್ತಾಯಿತು, ಹಿಂದೆ ಒಬ್ಬರು ಓದುವ ಸ್ವರವೂ ಕೇಳಿತು. ಆದರೆ ಆ ಹೆಂಗಸು ಬಾಯಿ ತೆರೆಯುತ್ತಿರಲಿಲ್ಲ. ಅವಳ ಎರಡೂ ಕೈಗಳು ಎದೆಯ ಎದುರು ಓಡಾಡುತ್ತಿದ್ದವು. ಬೆರಳು ಕೂಡುತ್ತಿತ್ತು, ಬಿಡುತ್ತಿತ್ತು, ಹುಬ್ಬು ಏರುತ್ತಿತ್ತು, ಇಳಿಯುತ್ತಿತ್ತು.

"ಇವಳು ಎಂತ ಮಾಡುವುದು?" ಎಂದರು ಮಾವ.

"ಕಿವಿ ಕೇಳದವರಿಗೆ ವಾರ್ತೆ ಧನಿಗಳೇ. ಹೊಸತಾಗಿ ಶುರು ಮಾಡಿದ್ದಂತೆ" ಎಂದ ಧರ್ಣಪ್ಪ. ಮತ್ತೆ ನನ್ನ ಕಡೆಗೆ ತಿರುಗಿ, ಮೆಲ್ಲಗೆ, "ಡೆಲ್ಲಿಯಲ್ಲಿ ಕೂತು ಇಡೀ ದೇಶಕ್ಕೆ ಕೈಯಲ್ಲೇ ಮಾತಾಡ್ತಾರೆ, ನೋಡಿ ಟೀಚರೇ" ಎಂದ.

ಕಾಂತಿ ಜಗಲಿಯಿಂದ ಒಳಗೆ ಬಂದಿದ್ದಳು. ಟಿ.ವಿ.ಯ ಎದುರು, ಮೂಗು ತಾಗುವಷ್ಟು ಹತ್ತಿರ ನಿಂತಳು. ಆ ಹೆಂಗಸಿನ ಕೈಯನ್ನು ನೋಡಿದಳು. ಹಿಂದೆ ತಿರುಗಿ ಮಾವನನ್ನು, ಆಳುಗಳನ್ನು, ಬಾಗಿಲಲ್ಲಿದ್ದ ನೆರೆಯ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಎಲ್ಲರೂ ಮರ್ಯಾದೆಯಿಂದ ಕುಳಿತು ಆ ಕೈಗಳನ್ನೇ ನೋಡುತ್ತಿದ್ದರು. ಯಾರೂ ಅವಳನ್ನು ಗದರಿಸುತ್ತಿಲ್ಲ, ಯಾರೂ ಹೊಡೆಯುತ್ತಿಲ್ಲ. ಕೊನೆಗೆ ಕಾಂತಿ ನನ್ನನ್ನು ನೋಡಿದಳು, ಪರದೆಗೆ ಬೆರಳು ತೋರಿಸಿದಳು, ಆಮೇಲೆ ತನ್ನ ಎದೆಗೆ. ಮತ್ತೆ ನಕ್ಕಳು, ಸ್ವರ ತೆಗೆದು, ಗಟ್ಟಿಯಾಗಿ. ಮೂರು ವರ್ಷದಿಂದ ಆ ಮನೆಯಲ್ಲಿ ಕೇಳದ ಸ್ವರ ಅದು.

ನಾನು ಹಟ್ಟಿಗೆ ಓಡಿದೆ. ದನದ ಬೆನ್ನಿಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತೆ. ಆರು ವರ್ಷ ನಾನು ಹೊಡೆದು ಮುಚ್ಚಿಸಿದ್ದು ನನ್ನ ಮಗಳ ಬಾಯಿಯನ್ನೇ. ಆ ಪಾಪ ಯಾವ ದೇವರ ಎದುರು ಅಡ್ಡಬಿದ್ದರೆ ಹೋಗುತ್ತದೆಂದು ನನಗೆ ಇಂದಿಗೂ ತಿಳಿಯದು. ಕಣ್ಣು ಒರಸಿ ಹೊರಗೆ ಬಂದರೆ ಧರ್ಣಪ್ಪ ಕೊಡೆಯ ಬೋಲ್ಟು ಬಿಗಿಮಾಡುತ್ತಾ ನನ್ನನ್ನು ಕಾಣದವನ ಹಾಗೆ ಇದ್ದ.

"ನಿನ್ನೆ ನಾನು ಹಾಗೆ ಹೇಳಬಾರದಿತ್ತು" ಎಂದೆ.

"ಬಿಡಿ ಟೀಚರೇ. ಚಹಾ ಉಂಟಾ? ನಿನ್ನೆಯದ್ದು ಬಾಕಿ ಉಂಟು."

ಇಷ್ಟೇ ಆಗಿದ್ದರೆ ಅವನು ಒಳ್ಳೆಯ ಮೆಕ್ಯಾನಿಕ್ ಎಂದು ಹೊಗಳಿ ಸುಮ್ಮನಾಗುತ್ತಿದ್ದೆ. ಆದರೆ ಅವನು ಅಲ್ಲಿಗೆ ಬಿಡಲಿಲ್ಲ. ಬಿಡಿಭಾಗ ತರಲು ಮಂಗಳೂರಿಗೆ ಹೋದಾಗೆಲ್ಲ ವಿಚಾರಿಸುತ್ತಾ ಬಂದ. ಒಂದು ದಿನ ಬಸ್ ನಿಲ್ದಾಣದಲ್ಲಿ ಇಬ್ಬರು ಹುಡುಗರು ಕೈಯಲ್ಲಿ ಮಾತಾಡಿಕೊಳ್ಳುವುದನ್ನು ಕಂಡು, ಹತ್ತಬೇಕಾಗಿದ್ದ ಬಸ್ಸನ್ನು ಬಿಟ್ಟು ಅವರ ಹಿಂದೆ ನಡೆದನಂತೆ. ಅವರು ಕಳ್ಳನೋ ಏನೋ ಎಂದು ಹೆದರಿ ವೇಗವಾಗಿ ನಡೆದರಂತೆ, ಇವನೂ ಓಡಿದನಂತೆ! ಕೊನೆಗೆ ಸಿಗರೇಟು ಪ್ಯಾಕಿನ ಮೇಲೆ ಬರೆದು ತೋರಿಸಿದ: "ನೀವು ಕಲಿತ ಶಾಲೆ ಎಲ್ಲಿ ಉಂಟು? ನಮ್ಮಲ್ಲಿ ಒಂದು ಹುಡುಗಿ ಉಂಟು." ಊರಿನ ಒಂದು ಹುಡುಗಿ ಎನ್ನಬಹುದಿತ್ತು, ಟೀಚರ ಮಗಳು ಎನ್ನಬಹುದಿತ್ತು. ನಮ್ಮಲ್ಲಿ ಎಂದು ಬರೆದಿದ್ದ. ಆ ಪ್ಯಾಕಿನ ಹಿಂಬದಿಯಲ್ಲಿ ಅವರು ಬರೆದುಕೊಟ್ಟ ವಿಳಾಸವನ್ನು ತಂದು ನನ್ನ ಕೈಗೆ ಕೊಟ್ಟ. ಎಂಬತ್ತೆಂಟರ ಜೂನಿನಲ್ಲಿ ಕಾಂತಿ ಆ ಶಾಲೆ ಸೇರಿ ಹಾಸ್ಟೆಲಿನಲ್ಲಿ ನಿಂತಳು.

ಆ ಹೊತ್ತಿಗೆ ಧರ್ಣಪ್ಪನ ಕೊಡೆಗಳು ಬೆಳ್ತಂಗಡಿಯಿಂದ ಬೆಳುವಾಯಿಯವರೆಗೆ ಹನ್ನೊಂದೋ ಹನ್ನೆರಡೋ ಎದ್ದಿದ್ದವು, ಎಲ್ಲ ನಮ್ಮಂಥದೇ ಗುಂಡಿಯ ಮನೆಗಳಲ್ಲಿ. ಎಲ್ಲಿ ಹೋದರೂ ಕೊಡೆಯ ಕಣ್ಣು ಬಡಗಿಗೆ ಉಂಟೆಂದು ಮೊದಲೇ ಹೇಳಿಬಿಡುತ್ತಿದ್ದನಂತೆ. ನನ್ನ ಕೋನಮಾಪಕ ಕೊನೆಗೂ ಶಾಲೆಗೆ ವಾಪಸು ಬರಲಿಲ್ಲ. ಹೆಡ್‌ಮಾಸ್ಟರಿಗೆ ಗೆದ್ದಲು ತಿಂದಿತು ಎಂದು ಹೇಳಿದೆ. ಅದೊಂದು ಸುಳ್ಳಿಗೆ ನನಗೆ ಪಶ್ಚಾತ್ತಾಪವಿಲ್ಲ.

ದೀಪಾವಳಿಯ ರಜೆಗೆ ಕಾಂತಿ ಮನೆಗೆ ಬಂದಳು. ಬಂದವಳ ಕೈಗೆ ಬಿಡುವೇ ಇಲ್ಲ! ಊಟ ಮಾಡುವಾಗ ಸಹ ಬಲಗೈ ತುತ್ತಿಗೆ, ಖಾಲಿ ಇದ್ದ ಎಡಗೈಯಲ್ಲಿ ಮಾತು. ನನಗೆ ನಾಲ್ಕರಲ್ಲಿ ಒಂದು ತಿಳಿಯುತ್ತಿತ್ತು. ತಪ್ಪು ಮಾಡಿದರೆ ನನ್ನ ಬೆರಳು ಹಿಡಿದು ತಿದ್ದುತ್ತಿದ್ದಳು, ನಾನು ಗಣಿತದ ಮಕ್ಕಳನ್ನು ತಿದ್ದುವ ಹಾಗೆಯೇ, ಸಿಟ್ಟು ಮಾಡಿಕೊಂಡು. ಹಬ್ಬದ ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಪುಸ್ತಕ ಬಿಡಿಸಿ ಕುಳಿತಳು. ಶಾಲೆಯಲ್ಲಿ ಕೊಟ್ಟ ಮನೆಗೆಲಸ. ಮೇಲೆ ಅವಳದೇ ಅಕ್ಷರದಲ್ಲಿ "ನಮ್ಮ ಮನೆಯವರು" ಎಂದು ಬರೆದಿತ್ತು, ಕೆಳಗೆ ಒಂದು, ಎರಡು, ಮೂರು, ನಾಲ್ಕು ಎಂದು ಅಂಕೆ ಹಾಕಿತ್ತು, ಅದರ ಮುಂದೆ ಖಾಲಿ.

ಮಾವನನ್ನು ತೋರಿಸಿದಳು. ನಾನು ಸ್ಲೇಟಿನಲ್ಲಿ ಬರೆದೆ, ಶೀನಪ್ಪ. ನೋಡಿ ಬರೆದುಕೊಂಡಳು. ಅಪ್ಪನ ಫೋಟೋ ತೋರಿಸಿದಳು. ಬರೆದೆ, ಲೋಕನಾಥ. ಮತ್ತೆ ಅವಳು ಎರಡೂ ತೋಳನ್ನು ಅಗಲಿಸಿ, ಆಕಾಶಕ್ಕೆ ಬಟ್ಟಲು ಹಿಡಿದ ಹಾಗೆ ಮಾಡಿ, ಹಟ್ಟಿಯ ಹಿಂದೆ ತೋರಿಸಿದಳು.

ಮಾವ ಕುರ್ಚಿಯಿಂದ ಬಗ್ಗಿ ನೋಡಿದರು. "ಧರ್ಣಪ್ಪನಾ? ಅವನು ನಮ್ಮ ಮನೆಯವನಾ?"

"ಹೌದು ಮಾವ" ಎಂದೆ. ಧರ್ಣಪ್ಪ ಎಂದು ಬರೆದೆ. ಮೂರನೇ ಅಂಕೆಯ ಮುಂದೆ ಅವನ ಹೆಸರು ಕುಳಿತಿತು. ಒತ್ತಕ್ಷರ ಸರಿ ಬಾರದೆ ಎರಡು ಸಲ ಅಳಿಸಿ ಬರೆದಳು.

ಆಮೇಲೆ ನನಗೆ ಬೆರಳು ತೋರಿಸಿದಳು. ನಾನು ಅಮ್ಮ ಎಂದು ಬರೆದೆ. ಅವಳು ತಲೆ ಅಲ್ಲಾಡಿಸಿ, ನನ್ನ ಸೆರಗಿನಿಂದಲೇ ಸ್ಲೇಟು ಒರಸಿದಳು. ಅದು ಅವಳಿಗೆ ಗೊತ್ತುಂಟಂತೆ. ಮಾವನನ್ನು ತೋರಿಸಿದಳು, ಶೀನಪ್ಪ ಎಂಬುದನ್ನು ಮುಟ್ಟಿದಳು. ಫೋಟೋ ತೋರಿಸಿದಳು, ಲೋಕನಾಥ ಎಂಬುದನ್ನು ಮುಟ್ಟಿದಳು. ನಾಲ್ಕನೇ ಅಂಕೆಯ ಮುಂದಿನ ಖಾಲಿ ಜಾಗವನ್ನು ಮುಟ್ಟಿ, ನನ್ನ ಮುಖ ನೋಡಿ, ಹುಬ್ಬು ಏರಿಸಿ, ಕೈ ಬಿಡಿಸಿ ಕೇಳಿದಳು.

ನನ್ನ ಹೆಸರೇನೆಂದು ಕೇಳುತ್ತಿದ್ದಳು. ಹನ್ನೆರಡು ವರ್ಷ ನನ್ನ ಹೊಟ್ಟೆಗೆ, ನನ್ನ ಸೀರೆಗೆ ಅಂಟಿಕೊಂಡು ಬೆಳೆದ ಮಗಳಿಗೆ ನನ್ನ ಹೆಸರು ಗೊತ್ತಿರಲಿಲ್ಲ. ಕೇಳಲು ನಾನು ಅವಳಿಗೆ ದಾರಿಯನ್ನೇ ಬಿಟ್ಟಿರಲಿಲ್ಲ. ಸ್ಲೇಟು ಎಳೆದುಕೊಂಡು ಬಳಪ ಹಿಡಿದೆ. ನೀಲಾವತಿ ಎಂದು ಬರೆದೆ. ಕಾಂತಿ ಒಮ್ಮೆ ಸ್ಲೇಟು ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು, ಪುನಃ ಸ್ಲೇಟು ನೋಡಿದಳು. ಮತ್ತೆ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು, ನಾಲಗೆಯ ತುದಿ ಕಚ್ಚಿಕೊಂಡು, ಒಂದೊಂದೇ ಅಕ್ಷರವಾಗಿ ನನ್ನ ಹೆಸರು ಬರೆದಳು.